ಸಿಟಿಯಲ್ಲಿ ಸ್ಪಷ್ಟ, ಅಲ್ಟ್ರಾಸೌಂಡ್‌ನಲ್ಲಿ ಮಂಜು: 3ಡಿ ರೆಂಡರಿಂಗ್ ಏಕೆ ಹೀಗಾಗುತ್ತದೆ?

ವೋಕ್ಸೆಲ್ ವಿದ್ಯಾರ್ಥಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಯೋಮೆಡಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಓದುತ್ತಿದ್ದು, ಪ್ರಾಜೆಕ್ಟಿಗಾಗಿ ಸಿಟಿ ಸ್ಕ್ಯಾನ್‌ನ ದತ್ತಾಂಶವನ್ನು ಮೂರು ಆಯಾಮಗಳಲ್ಲಿ ಚಿತ್ರವಾಗಿಸಿ ತೋರಿಸುವ, ಅಂದರೆ ರೆಂಡರ್ ಮಾಡುವ, ಸಣ್ಣ ತಂತ್ರಾಂಶವೊಂದನ್ನು ಬರೆದಿದ್ದೇನೆ. ತೆರೆಯ ಪ್ರತಿ ಪಿಕ್ಸೆಲ್‌ನಿಂದ ಒಂದೊಂದು ಕಿರಣವನ್ನು ದತ್ತಾಂಶದ ಘನದೊಳಗೆ ಹಾಯಿಸಿ, ದಾರಿಯಲ್ಲಿ ಸಿಕ್ಕ ವೋಕ್ಸೆಲ್‌ಗಳ (ಘನದ ಪುಟ್ಟ ತುಣುಕುಗಳ) ಬಣ್ಣವನ್ನೂ ಅಪಾರದರ್ಶಕತೆಯನ್ನೂ ಕೂಡಿಸುತ್ತ ಹೋಗುವ, 1988ರಲ್ಲಿ ಮಾರ್ಕ್ ಲೆವಾಯ್ ವಿವರಿಸಿದ ರೇ ಕಾಸ್ಟಿಂಗ್ ವಿಧಾನವನ್ನೇ ಅದರಲ್ಲಿ ಬಳಸಿದ್ದೇನೆ. ತಲೆಬುರುಡೆ ಮೊದಲ ಪ್ರಯತ್ನದಲ್ಲೇ ಸೊಗಸಾಗಿ ಮೂಡಿತು.

ಕಳೆದ ವಾರ ನನ್ನ ಮಾರ್ಗದರ್ಶಕರು, ರೋಗಿಯ ವಿವರಗಳನ್ನೆಲ್ಲ ತೆಗೆದುಹಾಕಿದ ಒಂದು ಅಲ್ಟ್ರಾಸೌಂಡ್ ವಾಲ್ಯೂಮನ್ನು (ಮೂರು ಆಯಾಮದ ದತ್ತಾಂಶವನ್ನು) ಕೊಟ್ಟು ಅದೇ ತಂತ್ರಾಂಶದಲ್ಲಿ ತೆರೆಯಲು ಹೇಳಿದರು. 24 ವಾರದ ಗರ್ಭದ ಸ್ಕ್ಯಾನ್ ಅದು. ತೆರೆಯ ಮೇಲೆ ಕಂಡದ್ದು ಮಾಗಿಯ ಬೆಳಗಿನ ಮಂಜು. ಥ್ರೆಶೋಲ್ಡನ್ನು, ಅಂದರೆ ಎಷ್ಟು ಬೆಳ್ಳಗಿರುವುದನ್ನು ತೋರಿಸಬೇಕೆಂಬ ಮಿತಿಯನ್ನು, ಏರಿಸಿದರೆ ಮಂಜು ಚದುರಿ ಚೂರುಚೂರಾಗುತ್ತದೆ, ಇಳಿಸಿದರೆ ಇಡೀ ಘನವೇ ಬೂದುಬಣ್ಣದ ಇಟ್ಟಿಗೆಯಾಗುತ್ತದೆ. ಮುಖದ ಸುಳಿವೇ ಇಲ್ಲ. ಇದೇ ವಾಲ್ಯೂಮಿನಿಂದ ಸ್ಕ್ಯಾನಿಂಗ್ ಯಂತ್ರ ಮಾತ್ರ ಮಗುವಿನ ಮುಖವನ್ನು ಬಿಡಿಸಿ ತೋರಿಸುತ್ತದೆ. ತಪ್ಪಿರುವುದು ನನ್ನ ಕೋಡಿನಲ್ಲಿಯೋ, ದತ್ತಾಂಶದಲ್ಲಿಯೋ? ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಸ್ಕ್ಯಾನಿಂಗ್ ಡಾಕ್ಟರ್ ಬರೆದದ್ದು:

ನಿಮ್ಮ ಕೋಡನ್ನು ನಾನು ನೋಡಿಲ್ಲ, ನೋಡಿದರೂ ನನಗೆ ತಿಳಿಯುವುದಿಲ್ಲ. ಆದರೆ ನೀವು ಹೇಳುವ ಮಂಜು ನನಗೆ ಚೆನ್ನಾಗಿ ಪರಿಚಯವಿದೆ. ರೇಡಿಯಾಲಜಿ ವಿಭಾಗದಲ್ಲಿ ಸಿಟಿಯನ್ನೂ ಅಲ್ಟ್ರಾಸೌಂಡನ್ನೂ ದಿನವೂ ನೋಡುವವನಾಗಿ ಒಂದು ಮಾತು ಹೇಳಬಲ್ಲೆ: ಸಿಟಿಯಲ್ಲಿ ಅಂಕಿಗೆ ಅರ್ಥವಿದೆ. ಹೌನ್ಸ್‌ಫೀಲ್ಡ್ ಮಾಪಕದಲ್ಲಿ ನೀರು ಸೊನ್ನೆ, ಗಾಳಿ ಮೈನಸ್ 1000, ಗಟ್ಟಿ ಮೂಳೆ ಹಲವು ನೂರರಿಂದ ಸಾವಿರಕ್ಕೂ ಮೇಲೆ. ಬೆಂಗಳೂರಿನ ಯಂತ್ರವಾದರೂ ಬೀದರಿನ ಯಂತ್ರವಾದರೂ ಇದು ಬದಲಾಗುವುದಿಲ್ಲ. ಹಾಗಾಗಿ "300ಕ್ಕಿಂತ ಮೇಲಿನದನ್ನು ಮಾತ್ರ ತೋರಿಸು" ಎಂದು ನೀವು ಹೇಳಿದರೆ ಬುರುಡೆ ತಾನಾಗಿ ಎದ್ದು ನಿಲ್ಲುತ್ತದೆ.

ಮರಳಿ ಬಂದ ಪ್ರತಿಧ್ವನಿಯ ಬಲವನ್ನು ತೋರಿಸುವ ಅಲ್ಟ್ರಾಸೌಂಡ್‌ನ ಬೂದುಬಣ್ಣಕ್ಕೆ ಅಂತಹ ಮಾಪಕವಿಲ್ಲ. ಒಂದೇ ಯಕೃತ್ತು, ನಾನು ಪ್ರತಿಧ್ವನಿಯನ್ನು ಹಿಗ್ಗಿಸುವ ಗೇನ್ ಗುಂಡಿಯನ್ನು ಸ್ವಲ್ಪ ತಿರುಗಿಸಿದೊಡನೆ ಬೆಳ್ಳಗಾಗುತ್ತದೆ. ಆಳಕ್ಕೆ ತಕ್ಕಂತೆ ಗೇನ್ ಹೊಂದಿಸುವ ಜಾರುಗುಂಡಿಗಳಲ್ಲಿ ಒಂದನ್ನು ಅಡ್ಡಾದಿಡ್ಡಿ ಇಟ್ಟರೆ ಅದೇ ಯಕೃತ್ತಿನ ನಡುವೆ ಬಿಳಿ ಪಟ್ಟಿಯೊಂದು ಬೀಳುತ್ತದೆ. ತರಂಗಕ್ಕೆ ಲಂಬವಾಗಿರುವ ಪೊರೆ ಹೊಳೆಯುತ್ತದೆ, ಸಮಾಂತರವಾಗಿರುವ ಅದೇ ಪೊರೆ ಮಾಯವಾಗುತ್ತದೆ, ಪಕ್ಕೆಲುಬಿನ ಹಿಂದೆ ಏನಿದ್ದರೂ ನೆರಳು. ಇಲ್ಲಿ ವೋಕ್ಸೆಲ್‌ನ ಅಂಕಿಯಲ್ಲಿ ಅಂಗಾಂಶದ ಗುಣ ಮಾತ್ರವಲ್ಲದೆ ಪ್ರೋಬ್ (ಮೈಗೆ ಒತ್ತಿ ಹಿಡಿಯುವ ಸಾಧನ) ಹಿಡಿದ ಕೋನ, ಗೇನ್, ನಡುವೆ ಸಿಕ್ಕ ಕೊಬ್ಬು, ಇವೆಲ್ಲವೂ ಸೇರಿಕೊಂಡಿರುತ್ತವೆ. ಒಂದು ಥ್ರೆಶೋಲ್ಡ್ ಹಾಕಿ ಅಂಗವನ್ನು ಬಿಡಿಸಲು ಹೊರಟರೆ ಮಂಜಲ್ಲದೆ ಬೇರೇನು ಬಂದೀತು?

ಹಾಗಾದರೆ ಮಗುವಿನ ಮುಖ ಬರುವುದು ಹೇಗೆಂದು ನೀವು ಕೇಳಬಹುದು. ಅದು ಗರ್ಭಜಲದ ಕೃಪೆ. ಆ ನೀರಿನಿಂದ ಪ್ರತಿಧ್ವನಿ ಬರುವುದಿಲ್ಲವಾದ್ದರಿಂದ ಅದು ಕಪ್ಪಾಗಿ ಕಾಣುತ್ತದೆ, ಚರ್ಮ ಬೆಳ್ಳಗಿರುತ್ತದೆ. ಮುಖದ ಮುಂದೆ ಒಂದೆರಡು ಸೆಂಟಿಮೀಟರ್ ನೀರಿದ್ದರೆ ಯಾವ ಯಂತ್ರವಾದರೂ ಜಾಣ ಯಂತ್ರವೇ. ನೀರು ಕಡಿಮೆಯಿದ್ದರೆ, ಅಥವಾ ಮಗು ಪ್ಲಾಸೆಂಟಾಕ್ಕೆ ಮುಖ ಒತ್ತಿ ಮಲಗಿದ್ದರೆ, ಲಕ್ಷಗಟ್ಟಲೆ ಬೆಲೆಯ ಯಂತ್ರವೂ ನಿಮ್ಮ ಇಟ್ಟಿಗೆಯನ್ನೇ ತೋರಿಸುತ್ತದೆ. ನಾವು ಆಗ ತಾಯಿಗೆ "ಸ್ವಲ್ಪ ಓಡಾಡಿ ಬನ್ನಿ ಅಮ್ಮಾ" ಎಂದು ಹೇಳಿ ಕಳುಹಿಸುತ್ತೇವೆ. ನಿಮ್ಮ ತಂತ್ರಾಂಶಕ್ಕೆ ಆ ಅನುಕೂಲವಿಲ್ಲ.

ಅಲೆಲೆಕ್ಕ ಬರೆದದ್ದು:

ಡಾಕ್ಟರ್ ಹೇಳಿದ್ದು ಅಕ್ಷರಶಃ ನಿಜ. ನಾನು ಹಲವು ವರ್ಷ ಇಮೇಜಿಂಗ್ ತಂತ್ರಾಂಶ ಬರೆದವನಾದ್ದರಿಂದ ಕೋಡಿನ ಕಡೆಯಿಂದ ಎರಡು ಸಂಗತಿಗಳನ್ನು ಸೇರಿಸುತ್ತೇನೆ.

ಮೊದಲನೆಯದು ಸ್ಪೆಕಲ್. ಅಲ್ಟ್ರಾಸೌಂಡ್ ಚಿತ್ರದಲ್ಲಿ ಕಾಣುವ ರವೆಯಂತಹ ಕಾಳುಗಳು ಅಂಗಾಂಶದ ಕಣಗಳಲ್ಲ. ತರಂಗಾಂತರಕ್ಕಿಂತ ಚಿಕ್ಕದಾದ ಅಸಂಖ್ಯ ಬಿಂದುಗಳಿಂದ ಚದುರಿ ಬಂದ ಅಲೆಗಳು ಒಂದನ್ನೊಂದು ಕೂಡಿ ಕಳೆದು ಮೂಡಿಸಿದ ವಿನ್ಯಾಸ ಅದು. ನಿಮ್ಮ ರೇ ಕಾಸ್ಟಿಂಗ್ ಮೇಲ್ಮೈಗೆ ಬೆಳಕು ಬಿಡುವಾಗ ಮೇಲ್ಮೈಯ ಲಂಬದ ದಿಕ್ಕನ್ನು ಎಲ್ಲಿಂದ ತೆಗೆದುಕೊಳ್ಳುತ್ತದೆ? ಅಕ್ಕಪಕ್ಕದ ವೋಕ್ಸೆಲ್‌ಗಳ ವ್ಯತ್ಯಾಸದಿಂದ. ಸ್ಪೆಕಲ್ ಇರುವಲ್ಲಿ ಈ ವ್ಯತ್ಯಾಸ ಪ್ರತಿ ಹೆಜ್ಜೆಗೂ ದಿಕ್ಕು ಬದಲಿಸುತ್ತದೆ, ಹೀಗಾಗಿ ನುಣುಪಾದ ಕೆನ್ನೆ ಕೂಡ ಜಲ್ಲಿ ಸುರಿದ ರಸ್ತೆಯಂತೆ ಕಾಣುತ್ತದೆ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿರುವ ಫ್ರಾನ್‌ಹೋಫರ್ ಸಂಸ್ಥೆಯ ಜಾರ್ಜಿಯೋಸ್ ಸಾಕಾಸ್ ಮತ್ತು ಸ್ಟೆಫಾನ್ ವಾಲ್ಟರ್ 1995ರ ಸಿಗ್‌ಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧದ ವಿಷಯ ಇದೇ: ಮಸುಕಾದ ಅಲ್ಟ್ರಾಸೌಂಡ್ ದತ್ತಾಂಶದಿಂದ ಮೇಲ್ಮೈಯನ್ನು ಹೊರತೆಗೆಯುವುದು ಹೇಗೆ? ರೆಂಡರ್ ಮಾಡುವ ಮೊದಲು ಸೋಸಬೇಕು. ಮೂರೂ ದಿಕ್ಕಿನಲ್ಲಿ ಮೀಡಿಯನ್ ಫಿಲ್ಟರ್ (ಪ್ರತಿ ಅಂಕಿಯ ಬದಲು ನೆರೆಹೊರೆಯ ಅಂಕಿಗಳ ನಡುವಿನದನ್ನು ಇಡುವ ಜರಡಿ) ಹಾಕಿ, ಅನಂತರ ಹಗುರವಾಗಿ ನಯಗೊಳಿಸುವ ಗಾಸಿಯನ್ ಫಿಲ್ಟರ್ ಹಾಕಿ ನೋಡಿ. ಥ್ರೆಶೋಲ್ಡನ್ನು ಕತ್ತಿಯಂತೆ ಒಂದೇ ಅಂಕಿಯಲ್ಲಿ ನಿಲ್ಲಿಸದೆ, ಅಪಾರದರ್ಶಕತೆ ಇಳಿಜಾರಿನಂತೆ ನಿಧಾನವಾಗಿ ಏರುವ ಹಾಗೆ ಮಾಡಿ.

ಎರಡನೆಯದು ಆಕಾರ. ನಿಮ್ಮ ಫೈಲಿನಲ್ಲಿರುವ ದತ್ತಾಂಶ ನಿಜವಾಗಿಯೂ ಚೌಕಾಕಾರದ ಜಾಲದಲ್ಲಿದೆಯೇ ಎಂದು ಪರೀಕ್ಷಿಸಿ. ಗರ್ಭದ ಸ್ಕ್ಯಾನಿಂಗಿಗೆ ಬಳಸುವ ವಾಲ್ಯೂಮ್ ಪ್ರೋಬ್‌ನೊಳಗೆ ಬಾಗಿದ ಸಂವೇದಕ ಸಾಲೊಂದು ದ್ರವದಲ್ಲಿ ಮುಳುಗಿದ್ದು, ಸಣ್ಣ ಮೋಟಾರ್ ಅದನ್ನು ಬೀಸಣಿಗೆಯಂತೆ ಆ ಕಡೆಯಿಂದ ಈ ಕಡೆಗೆ ಓಲಾಡಿಸುತ್ತದೆ. ಕೈಯಲ್ಲಿ ಹಿಡಿದಾಗ ಅದರ ನಡುಕ ಬೆರಳಿಗೆ ತಿಳಿಯುತ್ತದೆ. ಹಾಗೆ ಸಿಕ್ಕ ಗೆರೆಗಳು ಒಂದಕ್ಕೊಂದು ಸಮಾಂತರವಾಗಿರದೆ ಎರಡು ಕೋನ ಮತ್ತು ಒಂದು ಆಳದ ಲೆಕ್ಕದಲ್ಲಿರುತ್ತವೆ. ಯಂತ್ರ ಅದನ್ನು ಒಳಗೇ ಎಕ್ಸ್, ವೈ, ಝಡ್ ಜಾಲಕ್ಕೆ ತಿರುಗಿಸಿಕೊಂಡು ತೋರಿಸುತ್ತದೆ. ನೀವು ಕಚ್ಚಾ ಫೈಲನ್ನು ನೇರವಾಗಿ ಘನವೆಂದು ಓದಿದ್ದರೆ ನಿಮಗೆ ಸಿಕ್ಕಿರುವುದು ಮಂಜು ಮಾತ್ರವಲ್ಲ, ಸೊಟ್ಟ ಮಂಜು.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಇಷ್ಟೆಲ್ಲ ಸರ್ಕಸ್ ಏಕೆಂದರೆ ಶಬ್ದ ನಿಧಾನ. ಮೃದು ಅಂಗಾಂಶದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 15 ಸೆಂ.ಮೀ. ಆಳಕ್ಕೆ ಹೋಗಿ ಬರಲು ಸುಮಾರು 195 ಮೈಕ್ರೊಸೆಕೆಂಡ್ ಬೇಕು, ಅಂದರೆ ಸೆಕೆಂಡಿಗೆ 5000 ಚಿಲ್ಲರೆ ಗೆರೆಗಳು. 128 ಗೆರೆಗಳ ಒಂದು ಚಿತ್ರಕ್ಕೆ ಇದು ಧಾರಾಳ, ಸೆಕೆಂಡಿಗೆ 40 ಚಿತ್ರ ಸಿಗುತ್ತದೆ. ಅಂತಹ 100 ಚಿತ್ರಗಳ ವಾಲ್ಯೂಮ್ ಬೇಕೆಂದರೆ ಎರಡೂವರೆ ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಮಗು ಕೈ ಆಡಿಸಿರುತ್ತದೆ, ಹೃದಯವಂತೂ ಹಲವು ಬಾರಿ ಬಡಿದಿರುತ್ತದೆ. ಎಂತಹ ಪ್ರೊಸೆಸರ್ ತಂದರೂ ಈ ಲೆಕ್ಕ ಬದಲಾಗದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಓಲಾಫ್ ವಾನ್ ರಾಮ್ ಮತ್ತು ಸ್ಟೀಫನ್ ಸ್ಮಿತ್ 1990ರ ಸುಮಾರಿಗೆ 3ಡಿಗೆ ಬಳಸಿದ ದಾರಿಯೆಂದರೆ, ಒಂದು ಬಾರಿ ಅಗಲವಾಗಿ ಶಬ್ದ ಕಳುಹಿಸಿ, ಮರಳಿ ಬಂದದ್ದನ್ನು ಹಲವು ದಿಕ್ಕುಗಳಲ್ಲಿ ಏಕಕಾಲಕ್ಕೆ ಕೇಳಿಸಿಕೊಳ್ಳುವುದು. 16 ಗೆರೆಗಳನ್ನು ಒಟ್ಟಿಗೆ ಕೇಳಿಸಿಕೊಂಡರೆ ಮೇಲಿನ ವಾಲ್ಯೂಮ್ ಸೆಕೆಂಡಿಗೆ ಆರು ಬಾರಿ ಸಿಗುತ್ತದೆ. 2002ರಲ್ಲಿ ಫಿಲಿಪ್ಸ್ ಕಂಪನಿ ಸುಮಾರು 3000 ಪುಟ್ಟ ಸಂವೇದಕಗಳ ಮ್ಯಾಟ್ರಿಕ್ಸ್ ಪ್ರೋಬನ್ನು ಮಾರುಕಟ್ಟೆಗೆ ತಂದಿತು. 3000 ತಂತಿಗಳ ಕೇಬಲ್ ಹಿಡಿಯಲು ಯಾರಿಂದಲೂ ಆಗದಾದ್ದರಿಂದ ಲೆಕ್ಕಾಚಾರದ ಒಂದು ಭಾಗವನ್ನು ಪ್ರೋಬ್‌ನ ಹಿಡಿಯೊಳಗಿನ ಚಿಪ್‌ಗಳಿಗೇ ವಹಿಸಿದರು.

ಪ್ರಸೂತಿ ಮಾತು ಬರೆದದ್ದು:

ಭ್ರೂಣ ವೈದ್ಯ ವಿಭಾಗದಲ್ಲಿ ಕೆಲಸ ಮಾಡುವ ನನ್ನದೊಂದು ಎಚ್ಚರಿಕೆಯ ಮಾತು. ವಿದ್ಯಾರ್ಥಿಯವರೇ, ನೀವು ಥ್ರೆಶೋಲ್ಡ್ ಗುಂಡಿಯನ್ನು ತಿರುಗಿಸಿ ಮುಖ ಬರಲಿಲ್ಲವೆಂದು ಬೇಸರಪಟ್ಟಿದ್ದೀರಿ. ನಾನು ಅದೇ ಗುಂಡಿಯಿಂದ, ಇಲ್ಲದ ಸೀಳುತುಟಿಯನ್ನು ಸೃಷ್ಟಿಸಿದವಳು.

ವೃತ್ತಿಗೆ ಬಂದ ಹೊಸತರಲ್ಲಿ ನಡೆದದ್ದು. ಮಗುವಿನ ಅಂಗಾಂಗ ದೋಷ ನೋಡುವ ಅನಾಮಲಿ ಸ್ಕ್ಯಾನ್ ಮುಗಿಸಿ, ಕೊನೆಗೆ ಮುಖವನ್ನು 3ಡಿಯಲ್ಲಿ ತೆಗೆದೆ. ಮುಖದ ಮೇಲೆ ಮೋಡ ಕವಿದಂತಿತ್ತು. ಅದನ್ನು ತೆಗೆಯಲೆಂದು ಥ್ರೆಶೋಲ್ಡ್ ಏರಿಸುತ್ತ ಹೋದಂತೆ ಮೂಗು, ಗಲ್ಲ, ತುಟಿ ಒಂದೊಂದಾಗಿ ಹೊರಬಂದವು. ಇನ್ನೊಂದು ಹೆಜ್ಜೆ ಏರಿಸಿದೆ. ಮೇಲ್ತುಟಿಯ ಎಡಕ್ಕೆ ಸಣ್ಣ ಬಿರುಕು. ಪಕ್ಕದ ಗೋಡೆಯ ಪರದೆಯಲ್ಲಿ ತಾಯಿಯೂ ಅತ್ತೆಯೂ ಅದನ್ನು ನೋಡುತ್ತಿದ್ದರು. ಅತ್ತೆಯವರು ನನಗಿಂತ ಮೊದಲೇ "ತುಟಿಗೇನಾಗಿದೆ ಡಾಕ್ಟ್ರೇ?" ಎಂದರು. ನಾನು ಪರದೆ ಆರಿಸಿ, 2ಡಿಗೆ ಮರಳಿ, ಮೇಲ್ತುಟಿಯನ್ನು ಮೂಗಿನ ಹೊಳ್ಳೆಗಳೊಂದಿಗೆ ಅಡ್ಡವಾಗಿ ಸೀಳಿದಂತೆ ನೋಡಿದಾಗ ತುಟಿ ಈ ಕೊನೆಯಿಂದ ಆ ಕೊನೆಯವರೆಗೆ ಅಖಂಡವಾಗಿತ್ತು. ಹೊಕ್ಕುಳಬಳ್ಳಿಯ ಒಂದು ಸುರುಳಿ ಮುಂದೆ ಬಂದು ಆ ಭಾಗಕ್ಕೆ ನೆರಳು ಬಿದ್ದಿತ್ತು. ಅಲ್ಲಿನ ಪ್ರತಿಧ್ವನಿ ದುರ್ಬಲವಾಗಿದ್ದುದರಿಂದ ನನ್ನ ಥ್ರೆಶೋಲ್ಡ್ ಅದನ್ನು ನೀರೆಂದು ತಿಳಿದು ಅಳಿಸಿಹಾಕಿತ್ತು. ಆ ಕುಟುಂಬಕ್ಕೆ ಸಮಾಧಾನ ಹೇಳಲು ನನಗೆ ಸ್ಕ್ಯಾನಿಂಗಿಗಿಂತ ಹೆಚ್ಚು ಸಮಯ ಹಿಡಿಯಿತು.

ಇದು ನನ್ನೊಬ್ಬಳ ಕಥೆಯಲ್ಲ ಎಂಬುದು ಅನಂತರ ಓದಿ ತಿಳಿಯಿತು. ಸ್ಯಾನ್ ಡಿಯಾಗೋದ ಥಾಮಸ್ ನೆಲ್ಸನ್, ಡೊಲೊರೆಸ್ ಪ್ರಿಟೋರಿಯಸ್ ಮತ್ತು ಅವರ ಸಂಗಡಿಗರು 3ಡಿ ಅಲ್ಟ್ರಾಸೌಂಡ್‌ನ ಇಂತಹ ಭ್ರಮೆಗಳನ್ನು ಕುರಿತು 2000ದಲ್ಲೇ ಬರೆದಿದ್ದಾರೆ. ಅಂದಿನಿಂದ ನಾನು 3ಡಿ ಚಿತ್ರದಲ್ಲಿ ಕಂಡ ಯಾವ ರಂಧ್ರವನ್ನೂ 2ಡಿ ಸೀಳಿಕೆಯಲ್ಲಿ (ಒಂದೇ ಸಮತಲದ ಚಿತ್ರದಲ್ಲಿ) ನೋಡದೆ ನಂಬುವುದಿಲ್ಲ.

ಈಚಿನ ಯಂತ್ರಗಳಲ್ಲಿ ಬೆಳಕಿನ ಮೂಲವನ್ನು ಬೇಕಾದಲ್ಲಿಗೆ ಸರಿಸಿ, ನೆರಳು ಬೀಳಿಸಿ, ಚರ್ಮದೊಳಗೆ ಬೆಳಕು ಇಳಿದಂತೆ ತೋರಿಸುವ ರೆಂಡರಿಂಗ್ ಬಂದಿದೆ. ನೋಡಲು ಛಾಯಾಚಿತ್ರದಂತೆಯೇ ಇರುತ್ತದೆ, ನನ್ನ ಆತಂಕವೂ ಅದೇ. "ಮಗು ನಮ್ಮಂತಲ್ಲ, ಎಷ್ಟು ಕೆಂಪಗಿದೆ ನೋಡಿ" ಎಂದು ಸಂತೋಷಪಟ್ಟ ಅಜ್ಜಿಯೊಬ್ಬರಿಗೆ, ಆ ಬಣ್ಣ ಕಂಪನಿಯವರದು, ಮಗುವಿನದಲ್ಲ ಎಂದು ತಿಳಿಸಿ ಹೇಳಬೇಕಾಯಿತು. ನೆನಪಿಗೆಂದು ಫೋಟೊ ತೆಗೆಸಿಕೊಳ್ಳಲಷ್ಟೇ ಸ್ಕ್ಯಾನಿಂಗ್ ಮಾಡಿಸುವುದು ಬೇಡವೆಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2014ರಲ್ಲಿ ಎಚ್ಚರಿಸಿದೆ. ನಮ್ಮಲ್ಲಂತೂ ಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ 3ಡಿಗೂ 2ಡಿಯಷ್ಟೇ ಅನ್ವಯಿಸುತ್ತದೆ. ನಿಮ್ಮ ಪ್ರಾಜೆಕ್ಟಿನಲ್ಲಿ ಗರ್ಭದ ವಾಲ್ಯೂಮ್ ಬಳಸುವಾಗ ಮಾರ್ಗದರ್ಶಕರೊಡನೆ ಇದನ್ನೂ ಚರ್ಚಿಸಿಕೊಳ್ಳಿ.

ಸ್ಕ್ಯಾನಿಂಗ್ ಡಾಕ್ಟರ್ ಬರೆದದ್ದು:

ಮೇಡಂ, ನಿಮ್ಮ ಮಾತನ್ನು ಒಪ್ಪುತ್ತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ರೆಂಡರ್ ಮಾಡಿದ ಚಿತ್ರ ಮನೆಯವರಿಗೆ ತೋರಿಸಲು, ರೋಗನಿದಾನಕ್ಕೆ ಸೀಳಿಕೆಗಳೇ ಸಾಕು. ಮೂರು ಪರಸ್ಪರ ಲಂಬ ಸಮತಲಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದರಲ್ಲಿರುವ ಬಲ ಯಾವ ಬೆಳಕು-ನೆರಳಿನ ಚಿತ್ರದಲ್ಲೂ ಇಲ್ಲ.

ಉದಾಹರಣೆಗೆ ಗರ್ಭಕೋಶವನ್ನೇ ತೆಗೆದುಕೊಳ್ಳಿ. ಪದೇ ಪದೇ ಗರ್ಭಪಾತವಾಗುವ ಹೆಣ್ಣುಮಗಳಲ್ಲಿ ಗರ್ಭಕೋಶದ ಕುಹರ ಎರಡಾಗಿ ಸೀಳಿದಂತೆ ಕಂಡಿತೆನ್ನಿ. ಒಳಗೊಂದು ಅಡ್ಡಗೋಡೆ ಇದೆಯೋ ಅಥವಾ ಗರ್ಭಕೋಶವೇ ಎರಡು ಕೊಂಬುಗಳಾಗಿ ಕವಲೊಡೆದಿದೆಯೋ ಎಂಬುದನ್ನು ತೀರ್ಮಾನಿಸುವುದು ಅದರ ನೆತ್ತಿಯ ಹೊರಗೆರೆ. ಹೊರಗೆರೆ ಸಮವಾಗಿದ್ದರೆ ಅಡ್ಡಗೋಡೆ, ಅದನ್ನು ಹಿಸ್ಟರೋಸ್ಕೋಪ್ (ಗರ್ಭಕೋಶದೊಳಗೆ ನೋಡುವ ಕೊಳವೆ) ತೂರಿಸಿ ಕತ್ತರಿಸಬಹುದು. ಹೊರಗೆರೆಯೇ ಆಳವಾಗಿ ತಗ್ಗಿದ್ದರೆ ಕವಲು, ಅಲ್ಲಿ ಹಾಗೆ ಕತ್ತರಿಸಲು ಹೊರಟರೆ ಗರ್ಭಕೋಶಕ್ಕೆ ತೂತು ಬಿದ್ದೀತು. ಈ ಹೊರಗೆರೆ ಕಾಣಬೇಕಾದರೆ ಗರ್ಭಕೋಶವನ್ನು ಎದುರಿನಿಂದ ನೋಡುವ ಕರೋನಲ್ ಸಮತಲ ಬೇಕು. ಯೋನಿಮಾರ್ಗದ ಪ್ರೋಬನ್ನು ಹೇಗೆ ತಿರುಗಿಸಿದರೂ 2ಡಿಯಲ್ಲಿ ಆ ಸಮತಲ ಸಾಮಾನ್ಯವಾಗಿ ದಕ್ಕುವುದಿಲ್ಲ. ಒಂದು ವಾಲ್ಯೂಮ್ ತೆಗೆದಿಟ್ಟುಕೊಂಡರೆ, ರೋಗಿ ಎದ್ದುಹೋದ ಮೇಲೂ ಅದನ್ನು ಕತ್ತರಿಸಿ ಪಡೆಯಬಹುದು. ಇಲ್ಲಿ ನಾನು ಮೇಲ್ಮೈ ರೆಂಡರಿಂಗನ್ನು ಮುಟ್ಟುವುದೇ ಇಲ್ಲ. ಹೆಚ್ಚೆಂದರೆ ಎರಡು-ಮೂರು ಮಿಲಿಮೀಟರ್ ದಪ್ಪದ ಸೀಳಿಕೆ ತೆಗೆದು ಸರಾಸರಿ ಹಾಕುತ್ತೇನೆ, ಸ್ಪೆಕಲ್ ಸಾಕಷ್ಟು ಅಡಗುತ್ತದೆ.

ಎಕೋ ಕೊಠಡಿ ಬರೆದದ್ದು:

ಡಾಕ್ಟರ್ ಸಾಹೇಬರ ಮೇಲೆ ಗೌರವವಿಟ್ಟುಕೊಂಡೇ ಭಿನ್ನಾಭಿಪ್ರಾಯ ಸೂಚಿಸುತ್ತೇನೆ. ರೆಂಡರಿಂಗ್ ಮನೆಯವರಿಗೆ ಮಾತ್ರ ಎಂಬ ಮಾತು ಹೃದಯಕ್ಕೆ ಸಲ್ಲುವುದಿಲ್ಲ.

ಅನ್ನನಾಳದೊಳಗಿಂದ ಹೃದಯವನ್ನು ಜೀವಂತ 3ಡಿಯಲ್ಲಿ ತೋರಿಸುವ ಮ್ಯಾಟ್ರಿಕ್ಸ್ ಪ್ರೋಬ್ 2007ರಲ್ಲಿ ಬಂತು. ಅದರಿಂದ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವನ್ನು ಎಡ ಹೃತ್ಕರ್ಣದ (ಮೇಲಿನ ಕೋಣೆಯ) ಕಡೆಯಿಂದ, ಬಾಗಿಲಲ್ಲಿ ನಿಂತು ಒಳಗೆ ನೋಡಿದಂತೆ ತೋರಿಸುತ್ತೇವೆ. ಮಹಾಪಧಮನಿಯ ವಾಲ್ವನ್ನು ಗಡಿಯಾರದ 12ರ ಜಾಗದಲ್ಲಿ ಇಡುವುದು ರೂಢಿ. ಶಸ್ತ್ರಚಿಕಿತ್ಸಕರು ಹೃದಯ ತೆರೆದಾಗ ಕಾಣುವ ನೋಟಕ್ಕೆ ಇದು ಹತ್ತಿರವಾದ್ದರಿಂದ ಇದಕ್ಕೆ ಸರ್ಜನ್‌ರ ನೋಟವೆಂದೇ ಹೆಸರು. ವಾಲ್ವಿನ ಹಿಂಬದಿಯ ಎಲೆಯ (ಪದರದ) ನಡುಭಾಗ, ಅಂದರೆ ನಾವು ಪಿ2 ಎನ್ನುವ ಭಾಗ, ಅದನ್ನು ಹಿಡಿದಿಡುವ ದಾರ ಹರಿದು ಕರ್ಣದೊಳಗೆ ಉಬ್ಬಿ ಬರುವುದನ್ನು ಅವರು ತೆರೆಯ ಮೇಲೆ ನೋಡಿದರೆ, ನಾನು ಏಳೆಂಟು 2ಡಿ ಕೋನಗಳಲ್ಲಿ ವಿವರಿಸಬೇಕಾದದ್ದು ಒಂದೇ ನೋಟದಲ್ಲಿ ಮುಗಿಯುತ್ತದೆ. ಇಲ್ಲಿ ಬಣ್ಣಕ್ಕೂ ಕೆಲಸವಿದೆ: ಹತ್ತಿರದ್ದು ಕಂಚಿನ ಬಣ್ಣ, ದೂರದ್ದು ನೀಲಿ. ಚಪ್ಪಟೆ ತೆರೆಯ ಮೇಲೆ ಆಳ ತಿಳಿಯಲು ಇದು ನೆರವಾಗುತ್ತದೆ.

ಪ್ರಸೂತಿ ಮೇಡಂ ಹೇಳಿದ ರಂಧ್ರದ ಭೂತ ನಮ್ಮನ್ನೂ ಬಿಟ್ಟಿಲ್ಲ. ಗೇನ್ ಕಡಿಮೆಯಾದರೆ ತೆಳುವಾದ ಎಲೆಯಲ್ಲಿ ತೂತು ಬಿದ್ದಂತೆ ಕಾಣುತ್ತದೆ, ಹೆಚ್ಚಾದರೆ ನಿಜವಾದ ತೂತೇ ಮುಚ್ಚಿಹೋಗುತ್ತದೆ. ನಾವು ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ ನೋಡುತ್ತೇವೆ. ಆ ತೂತಿನಿಂದ ರಕ್ತದ ಧಾರೆ ಹಾಯದಿದ್ದರೆ ಅದು ತೂತೇ ಅಲ್ಲ.

ಅಳತೆಯ ವಿಷಯದಲ್ಲಿ ಮಾತ್ರ ನಾನು ಡಾಕ್ಟರ್ ಪಕ್ಷ. ನಮ್ಮಲ್ಲಿ ರುಮ್ಯಾಟಿಕ್ ಕಾಯಿಲೆಯಿಂದ ಮೈಟ್ರಲ್ ವಾಲ್ವ್ ಕಿರಿದಾದವರು ಇಂದಿಗೂ ಬರುತ್ತಲೇ ಇದ್ದಾರೆ. ಆ ವಾಲ್ವ್ ಆಲಿಕೆಯ ಆಕಾರದಲ್ಲಿರುತ್ತದೆ. 2ಡಿಯಲ್ಲಿ ಆಲಿಕೆಯನ್ನು ತುದಿಗಿಂತ ಸ್ವಲ್ಪ ಮೇಲೆ ಅಥವಾ ಓರೆಯಾಗಿ ಕತ್ತರಿಸಿದರೂ ಬಾಯಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1.5 ಚದರ ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆಯಿದ್ದರೆ ತೀವ್ರವೆಂದು ಪರಿಗಣಿಸುವಾಗ ಈ ತಪ್ಪು ಚಿಕ್ಕದಲ್ಲ. 3ಡಿ ವಾಲ್ಯೂಮಿನಲ್ಲಿ ಸಮತಲವನ್ನು ಎಲೆಗಳ ತುದಿಗೇ ಇಳಿಸಿ, ಅಲ್ಲಿ ಸಿಗುವ ಸೀಳಿಕೆಯ ಮೇಲೆ ಗೆರೆ ಎಳೆದು ಅಳೆಯುತ್ತೇವೆ. ರೆಂಡರ್ ಮಾಡಿದ ಚಿತ್ರದ ಮೇಲೆ ಅಳತೆಪಟ್ಟಿ ಇಡುವುದು ಫೋಟೊದಲ್ಲಿರುವ ಬೆಟ್ಟದ ಎತ್ತರ ಅಳೆದಂತೆ.

ಇನ್ನೊಂದು ತೊಡಕು. ವಿವರ ಹೆಚ್ಚು ಬೇಕೆಂದಾಗ ಯಂತ್ರ ನಾಲ್ಕಾರು ಬಡಿತಗಳಿಂದ ಒಂದೊಂದು ಹೋಳು ತೆಗೆದು, ಇಸಿಜಿ ನೋಡಿಕೊಂಡು ಹೊಲಿಯುತ್ತದೆ. ರೋಗಿ ಉಸಿರೆಳೆದರೆ ಅಥವಾ ಬಡಿತ ತಾಳ ತಪ್ಪಿದರೆ ಹೊಲಿಗೆಯ ಗೆರೆ ವಾಲ್ವಿನ ನಡುವೆಯೇ ಬೀಳುತ್ತದೆ. ವಾಲ್ವ್ ಕಿರಿದಾದವರಲ್ಲಿಯೇ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಸಾಮಾನ್ಯ ಎಂಬುದು ನಮ್ಮ ಗ್ರಹಚಾರ.

ಪ್ರಸೂತಿ ಮಾತು ಬರೆದದ್ದು:

ಹೊಲಿಗೆಯ ಮಾತು ಬಂದದ್ದಕ್ಕೆ ಹೇಳುತ್ತಿದ್ದೇನೆ. ಭ್ರೂಣಕ್ಕೆ ಇಸಿಜಿ ತಂತಿ ಹಚ್ಚುವಂತಿಲ್ಲವಲ್ಲ? ಅದಕ್ಕಾಗಿ ಸ್ಟಿಕ್ (STIC) ಎಂಬ ವಿಧಾನವಿದೆ. ಪ್ರೋಬ್ 10 ಸೆಕೆಂಡಿನ ಆಸುಪಾಸಿನಲ್ಲಿ ಎದೆಯ ಮೇಲೆ ನಿಧಾನವಾಗಿ ಒಮ್ಮೆ ಹಾಯುತ್ತದೆ. ನಿಮಿಷಕ್ಕೆ 140 ಬಡಿತವೆಂದರೆ ಅಷ್ಟರಲ್ಲಿ 23 ಬಡಿತ ಆಗಿರುತ್ತದೆ. ಚಿತ್ರಗಳಲ್ಲಿ ಮರುಕಳಿಸುವ ಚಲನೆಯಿಂದಲೇ ತಂತ್ರಾಂಶ ಬಡಿತದ ಲಯವನ್ನು ಕಂಡುಹಿಡಿದು, ಎಲ್ಲ ಚಿತ್ರಗಳನ್ನೂ ಒಂದೇ ಬಡಿತದೊಳಗೆ ಮರುಜೋಡಿಸುತ್ತದೆ. ತೆರೆಯ ಮೇಲೆ ಬಡಿಯುವ ಆ ಹೃದಯ ಮಗುವಿನ ಯಾವ ಒಂದು ಬಡಿತವೂ ಅಲ್ಲ. ಲಯ ತಪ್ಪಿದ್ದನ್ನು ಕಂಡುಹಿಡಿಯಲು ಸ್ಟಿಕ್ ಬಳಸಬಾರದೆಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇದಕ್ಕೇ.

ವೋಕ್ಸೆಲ್ ವಿದ್ಯಾರ್ಥಿ ಬರೆದದ್ದು:

ಎಲ್ಲರಿಗೂ ಋಣಿ. ಅಲೆಲೆಕ್ಕ ಸರ್ ಅನುಮಾನಿಸಿದಂತೆ ನಾನು ಕೋನಗಳ ದತ್ತಾಂಶವನ್ನು ಘನವೆಂದೇ ಓದಿದ್ದೆ. ಜಾಲವನ್ನು ಸರಿಪಡಿಸಿ, 3ಡಿ ಮೀಡಿಯನ್ ಫಿಲ್ಟರ್ ಹಾಕಿ, ಮುಖದ ಮುಂದಿನ ನೀರಿನವರೆಗೆ ಘನವನ್ನು ಕತ್ತರಿಸಿದ ಮೇಲೆ ನಿನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ಮೂಗೊಂದು ಕಂಡಿತು. ಹಾಸ್ಟೆಲಿನಲ್ಲಿ ಮಲಗಿದ್ದವರನ್ನು ಎಬ್ಬಿಸಿ ತೋರಿಸಿದೆ.

ಥ್ರೆಶೋಲ್ಡ್ ಬದಲಿಸಿದಾಗ ಅಳಿಸಿಹೋಗುವ ವೋಕ್ಸೆಲ್‌ಗಳು ಪಕ್ಕದ ಮೂರು ಸೀಳಿಕೆಗಳಲ್ಲಿ ಹಳದಿ ಬಣ್ಣದಲ್ಲಿ ಕಾಣುವಂತೆ ಮಾಡಿದ್ದೇನೆ. ತುಟಿಯ ಬಿರುಕಿನ ಕಥೆ ಓದಿ ಹೊಳೆದದ್ದು ಇದು.

ಇನ್ನೊಂದು ಪ್ರಶ್ನೆ. ವಾಲ್ಯೂಮ್ ಪ್ರೋಬ್ ಇಲ್ಲದ ಸಾಮಾನ್ಯ ಯಂತ್ರದಿಂದ, ಪ್ರೋಬನ್ನು ಕೈಯಿಂದಲೇ ಸರಿಸಿ 3ಡಿ ಪಡೆಯಬಹುದೇ?

ಅಲೆಲೆಕ್ಕ ಬರೆದದ್ದು:

ಪಡೆಯಬಹುದು. ಪ್ರೋಬಿಗೆ ಸ್ಥಾನಸಂವೇದಕವೊಂದನ್ನು ಕಟ್ಟಿ, ಪ್ರತಿ ಚಿತ್ರದ ಜೊತೆ ಅದರ ಜಾಗ ಮತ್ತು ಓರೆಯನ್ನು ದಾಖಲಿಸಿಕೊಂಡು ಜೋಡಿಸಬೇಕು. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಪ್ಲಸ್ ಎಂಬ ಮುಕ್ತ ತಂತ್ರಾಂಶ ಇದಕ್ಕೆಂದೇ ಇದೆ, ವೈದ್ಯಕೀಯ ಚಿತ್ರಗಳನ್ನು ನೋಡುವ 3ಡಿ ಸ್ಲೈಸರ್ ತಂತ್ರಾಂಶದ ಜೊತೆ ಹೊಂದಿಕೊಳ್ಳುತ್ತದೆ. ಸಂವೇದಕ ಹೇಳುವುದು ತನ್ನ ಜಾಗವನ್ನು, ನಿಮಗೆ ಬೇಕಾದದ್ದು ಚಿತ್ರದ ಜಾಗ. ಇವೆರಡರ ನಡುವಿನ ಸಂಬಂಧವನ್ನು ಮೊದಲೇ ಅಳೆದಿಡುವ ಕೆಲಸದಲ್ಲಿಯೇ ಪ್ರಾಜೆಕ್ಟಿನ ಅರ್ಧ ಸಮಯ ಕಳೆಯುತ್ತದೆ. ಒಮ್ಮೆ ನಾವು ಕತ್ತಿನ ರಕ್ತನಾಳವನ್ನು ಹೀಗೆ ತೆಗೆದಾಗ ಅದು ಬಿಲ್ಲಿನಂತೆ ಬಾಗಿತ್ತು. ಎರಡು ದಿನ ಕೋಡಿನಲ್ಲಿ ದೋಷ ಹುಡುಕಿದೆವು. ಸಂವೇದಕ ಕಾಂತಕ್ಷೇತ್ರದ್ದು, ರೋಗಿಯನ್ನು ಮಲಗಿಸಿದ್ದು ಕಬ್ಬಿಣದ ಮಂಚ. ಮರದ ಬೆಂಚಿಗೆ ಬದಲಿಸಿದೊಡನೆ ನಾಳ ನೆಟ್ಟಗಾಯಿತು.

ಅದಕ್ಕೂ ಮೊದಲು, ನಿಮ್ಮ ಈಗಿನ ಚಿತ್ರದಲ್ಲಿ ಎಡ-ಬಲ ಅದಲುಬದಲಾಗಿಲ್ಲವೆಂದು ಹೇಗೆ ಖಚಿತಪಡಿಸಿಕೊಂಡಿರಿ? ಕನ್ನಡಿಯಲ್ಲಿನ ಮುಖವೂ ಮುಖದಂತೆಯೇ ಕಾಣುತ್ತದೆ.

ವೋಕ್ಸೆಲ್ ವಿದ್ಯಾರ್ಥಿ ಬರೆದದ್ದು:

ಖಚಿತಪಡಿಸಿಕೊಂಡಿಲ್ಲ ಸರ್. ಯೋಚಿಸಿಯೇ ಇರಲಿಲ್ಲ.

ಅಲೆಲೆಕ್ಕ ಬರೆದದ್ದು:

ಹಾಗಾದರೆ ಜೆಲಾಟಿನ್ ಕರಗಿಸಿ, ಅದಕ್ಕೆ ಒಂದು ಚಮಚ ಇಸಬ್ಗೋಲ್ ಕಲಸಿ. ಸ್ಪೆಕಲ್ ಬರುವುದು ಅದರಿಂದಲೇ. ಊಟದ ಡಬ್ಬಿಯಲ್ಲಿ ಅರ್ಧ ಸುರಿದು ಫ್ರಿಜ್ಜಿನಲ್ಲಿಟ್ಟು, ಗಟ್ಟಿಯಾದ ಮೇಲೆ ಒಂದು ಮೂಲೆಯಲ್ಲಿ ಎರಡು ದ್ರಾಕ್ಷಿ, ಎದುರು ಮೂಲೆಯಲ್ಲಿ ಒಂದು, ಮತ್ತೊಂದು ಮೂಲೆಯಲ್ಲಿ ಅಡ್ಡವಾಗಿ ಒಂದು ಬೇಯಿಸಿದ ಶ್ಯಾವಿಗೆ ಎಳೆ ಇಟ್ಟು, ಉಳಿದರ್ಧವನ್ನು ಮೇಲೆ ಸುರಿಯಿರಿ. ಯಾವುದು ಎಲ್ಲಿದೆ ಎಂದು ಡಬ್ಬಿಯ ಹೊರಗೆ ಬರೆದಿಡಿ. ನಿಮಗೆ ವಾಲ್ಯೂಮ್ ಕೊಟ್ಟ ಯಂತ್ರದಲ್ಲಿಯೇ ಅದನ್ನು ಸ್ಕ್ಯಾನ್ ಮಾಡಿಸಿ, ನಿಮ್ಮ ತಂತ್ರಾಂಶದಲ್ಲಿ ತೆರೆದು, ದ್ರಾಕ್ಷಿ ಇರಬೇಕಾದ ಮೂಲೆಯಲ್ಲಿಯೇ ಇದೆಯೇ ನೋಡಿ.

ವೋಕ್ಸೆಲ್ ವಿದ್ಯಾರ್ಥಿ ಬರೆದದ್ದು:

ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ಜೋಡಿ ದ್ರಾಕ್ಷಿ ಪಕ್ಕದ ಮೂಲೆಯಲ್ಲಿತ್ತು. ಒಂದು ಅಕ್ಷದ ಚಿಹ್ನೆ ತಿರುಗಿಸಿದ್ದೇನೆ, ಮಾರ್ಗದರ್ಶಕರಿಗೆ ಮೊದಲು ಕಳುಹಿಸಿದ್ದ ಚಿತ್ರಗಳನ್ನೆಲ್ಲ ಅಳಿಸುವಂತೆ ಕೇಳಿಕೊಂಡು ಹೊಸದನ್ನು ಕಳುಹಿಸಿದ್ದೇನೆ.